ಕಲ್ಲು ಹುಡುಕುವ ಕೈ

ನಾಗಲಕ್ಷ್ಮಿ ಕಳೆದ ಕಾರ್ತಿಕದಲ್ಲಿ ತೀರಿಕೊಂಡಳು. ಜ್ವರ ಬಂತು, ಬಳ್ಳಾರಿಯಲ್ಲಿ ಆಸ್ಪತ್ರೆಗೆ ಸೇರಿಸಿದರು, ವಾರ ತುಂಬುವ ಮೊದಲೇ ಹೋದಳು. ಇಪ್ಪತ್ತೊಂಬತ್ತು ವರ್ಷದವಳು. ಸಿರುಗುಪ್ಪ ತಾಲೂಕಿನ ಹೊಳೆದಂಡೆಯ ಅವಳೂರಿನಲ್ಲಿ ಮಣ್ಣು ಮಾಡಿದ ದಿನ ಬಂದವರೆಲ್ಲ ಅವಳ ಪದಕದ ಮಾತಾಡಿದರು. ಪದಕ ಇದ್ದದ್ದು ಒಂದೇ, ಅದೂ ಚಿಕ್ಕದು. ಅವಳು ನಿಜವಾಗಿ ಗೆದ್ದ ದಿನ ಪದಕವೂ ಇರಲಿಲ್ಲ, ಜನವೂ ಇರಲಿಲ್ಲ. ಬಾದನಹಟ್ಟಿ ಹತ್ತಿರದ ಕೆರೆಯಲ್ಲಿ, ಭಾದ್ರಪದದ ಒಂದು ಬೆಳಿಗ್ಗೆ ಅದು ನಡೆದುಹೋಯಿತು. ಅದನ್ನು ಹೇಳಬೇಕಾದರೆ ಅವಳ ಕೈಯಿಂದಲೇ ಶುರುಮಾಡಬೇಕು.

ಅವಳ ತಂದೆ ಎರ್ರೆಪ್ಪ ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರು. ಬಿದಿರು ಹೆಣೆದು ಟಾರು ಬಳಿದ ಆ ದುಂಡು ದೋಣಿಗೆ ಅಲ್ಲಿಯವರು ತೆಪ್ಪ ಎನ್ನುತ್ತಾರೆ. ನಾಟಿಗೆ, ಕೊಯ್ಲಿಗೆ, ಮದುವೆಗೆ, ಸಾವಿಗೆ ಎಂದು ಆಚೆ ದಡಕ್ಕೆ ಹೋಗುವವರನ್ನೆಲ್ಲ ಆ ಮನೆಯವರು ದಾಟಿಸಿದ್ದಾರೆ. ನಾಗಲಕ್ಷ್ಮಿ ಶಾಲೆಗೆ ಹೋಗುವ ವಯಸ್ಸಿಗೇ ಹುಟ್ಟು ಹಿಡಿದಳು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಬಂಡೆಗಳು ನೀರಿನ ಕೆಳಗೇ ಮಲಗಿರುತ್ತವೆ, ಮೇಲಿನಿಂದ ಕಾಣುವುದಿಲ್ಲ. ಆಗ ಹುಟ್ಟಿನ ಅಲಗನ್ನು ಪ್ರತಿ ಸಲವೂ ಒಂದಿಷ್ಟು ಆಳಕ್ಕೆ ಬಿಟ್ಟು, ಕಲ್ಲು ತಾಕುತ್ತದೆಯೇ ಎಂದು ತಡವಿ, ಆಮೇಲೆ ಎಳೆಯಬೇಕು. ‘ಕಲ್ಲು ಕೇಳೋದು’ ಎಂದು ಅದಕ್ಕೆ ಹೆಸರು. ಅದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಒಮ್ಮೆ ಕೈಗೆ ಬಂದರೆ ಕೈ ಬಿಡುವುದೂ ಇಲ್ಲ.

ಪಿಯುಸಿ ಮುಗಿಸಿ ಅವಳು ಬಳ್ಳಾರಿಗೆ ಬಂದು ಜೀನ್ಸ್ ಹೊಲಿಯುವ ಘಟಕವೊಂದಕ್ಕೆ ಸೇರಿದಳು. ಗಾಂಧಿನಗರದ ಒಂದು ಪಿಜಿಯಲ್ಲಿ ಇದ್ದಳು. ಅದೇ ಕೋಣೆಯಲ್ಲಿದ್ದ ಹೇಮಾ ಕುರುಗೋಡಿನವಳು, ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಅವಳೇ ನಾಗಲಕ್ಷ್ಮಿಯನ್ನು ಗುರುಸ್ವಾಮಿಯವರ ಹತ್ತಿರ ಕರೆದುಕೊಂಡು ಹೋದದ್ದು. ಗುರುಸ್ವಾಮಿ ಸೈನ್ಯದಲ್ಲಿದ್ದಾಗ ರೋಯಿಂಗ್ ಮಾಡಿದವರು. ನಿವೃತ್ತರಾಗಿ ಕುರುಗೋಡಿಗೆ ಬಂದ ಮೇಲೆ ಎಲ್ಲಿಂದಲೋ ಎರಡು ಹಳೆಯ ಸ್ಪರ್ಧೆಯ ದೋಣಿ ತರಿಸಿ ಕೆರೆಗೆ ಇಳಿಸಿದ್ದರು. ನೀರಿಗೆ ಹೆದರದ ಹೆಣ್ಣುಮಕ್ಕಳು ಬೇಕು ಎಂದು ಊರೂರಲ್ಲಿ ಕೇಳಿದ್ದರು. ಬಂದು ನಿಂತವರು ಮೂವರು: ಹೇಮಾ, ನಾಗಲಕ್ಷ್ಮಿ, ಮತ್ತು ಬಳ್ಳಾರಿಯ ಶಾಲೆಯೊಂದರ ಪಿ.ಟಿ. ಟೀಚರ್ ಸುನಂದಾ.

ಸ್ಪರ್ಧೆಯ ದೋಣಿ ಹರಿಗೋಲಿನ ಹಾಗಲ್ಲ. ಸೌತೆಬೀಜದ ಹಾಗೆ ಸಣ್ಣಗೆ, ಉದ್ದಕ್ಕೆ ಇರುತ್ತದೆ, ಸೀನಿದರೂ ಅಲ್ಲಾಡುತ್ತದೆ. ಇಬ್ಬರು ಒಬ್ಬರ ಹಿಂದೆ ಒಬ್ಬರು ಕೂರುತ್ತಾರೆ, ಒಬ್ಬೊಬ್ಬರಿಗೂ ಎರಡೆರಡು ಹುಟ್ಟು. ಕೂರುವುದು ಹೋಗುವ ದಿಕ್ಕಿಗೆ ಬೆನ್ನು ಹಾಕಿ. ಹಿಂದೆ ಕೂತವಳು ಆಗಾಗ ಕತ್ತು ತಿರುಗಿಸಿ ದಾರಿ ನೋಡಿಕೊಳ್ಳುತ್ತಾಳೆ. ಅವಳ ಮುಂದೆ ಕೂತವಳಿಗೆ ಬಿಟ್ಟುಬಂದ ನೀರಷ್ಟೇ ಕಾಣುತ್ತದೆ. ನಾಗಲಕ್ಷ್ಮಿಯದು ಆ ಮುಂದಿನ ಜಾಗ. ಹುಟ್ಟು ದೋಣಿಯ ಪಕ್ಕದ ಕೊಂಡಿಯಲ್ಲಿ ಕೂತಿರುವುದರಿಂದ ಕೈ ಮೇಲೆದ್ದರೆ ಅಲಗು ಕೆಳಗಿಳಿಯುತ್ತದೆ. ಅಲಗು ನೀರಿನಲ್ಲಿ ಮುಚ್ಚುವಷ್ಟು ಮುಳುಗಿದರೆ ಸಾಕು. ಅದಕ್ಕಿಂತ ಆಳಕ್ಕೆ ಹೋದರೆ ದೋಣಿ ವಾಲುತ್ತದೆ, ಓಟ ಸಾಯುತ್ತದೆ. ಸಮಯಕ್ಕೆ ಹುಟ್ಟು ಮೇಲೆ ಬರದಿದ್ದರೆ ನೀರು ಅದನ್ನು ಹಿಡಿದುಕೊಂಡು ಹಿಡಿಕೆಯನ್ನು ಎದೆಗೆ ಗುದ್ದುತ್ತದೆ.

ನಾಗಲಕ್ಷ್ಮಿಯ ಅಲಗು ಆಳಕ್ಕೆ ಹೋಗುತ್ತಿತ್ತು.

ಸುಮ್ಮನೆ ಅಭ್ಯಾಸ ಮಾಡುವಾಗ ಹೋಗುತ್ತಿರಲಿಲ್ಲ. ಗುರುಸ್ವಾಮಿ ಅವಳ ಹುಟ್ಟಿಗೆ ಕೆಂಪು ಟೇಪು ಸುತ್ತಿ, ನೀರು ಇದನ್ನು ದಾಟಬಾರದು ಎಂದಿದ್ದರು. ಒಂದೇ ಕೈಯಲ್ಲಿ ಎಳೆಸಿದರು, ಕಣ್ಣು ಮುಚ್ಚಿಸಿ ಎಳೆಸಿದರು, ಅಲಗನ್ನು ಮಲಗಿಸದೆ ನಿಲ್ಲಿಸಿಕೊಂಡೇ ಎಳೆಸಿದರು. ಎಲ್ಲದರಲ್ಲೂ ಅವಳ ಕೈ ಗೆರೆ ಎಳೆದ ಹಾಗೆ ಸಮ. ಆದರೆ ಪೂರ್ತಿ ವೇಗಕ್ಕೆ ಬಿಟ್ಟ ದಿನ, ಉಸಿರು ಹತ್ತಿ ಕಣ್ಣು ಕತ್ತಲಾಗುವ ಕೊನೆಯ ಪಾಲಿನಲ್ಲಿ, ಅವಳ ಎಡಗೈ ತಾನಾಗಿ ಮೇಲೇಳುತ್ತಿತ್ತು. ಟೇಪು ಮುಳುಗುತ್ತಿತ್ತು.

ಗುರುಸ್ವಾಮಿ ಏರಿಯ ಮೇಲೆ ಮೊಪೆಡ್ ಓಡಿಸಿಕೊಂಡು ಬರುತ್ತ ಕೂಗುತ್ತಿದ್ದರು. “ಕೈ! ನಾಗಲಕ್ಷ್ಮೀ, ಕೈ! ಅಲ್ಲೇನು ಬಾವಿ ತೋಡಾಕತ್ತೀಯೇನು?”

ಆಷಾಢದ ಒಂದು ದಿನ ಹಿಡಿಕೆ ಪಕ್ಕೆಲುಬಿಗೆ ಬಡಿದು ಅವಳು ನೀರಿಗೆ ಬಿದ್ದಳು. ಹೇಮಾ ಭುಜ ಹಿಡಿದು ದೋಣಿಗೆ ಆನಿಸಿದಾಗ ನಾಗಲಕ್ಷ್ಮಿ ಮೊದಲು ಕೇಳಿದ್ದು, “ಸರ್ ನೋಡಿದ್ರೇನ?”

“ಬಾದನಹಟ್ಟಿ ಎಮ್ಮಿ ಸೈತ ನೋಡ್ಯಾವ,” ಎಂದಳು ಹೇಮಾ.

ದಡಕ್ಕೆ ಬಂದ ಮೇಲೆ ಗುರುಸ್ವಾಮಿ ಬೈಯಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದಿತು. ಅವರು ಟವೆಲ್ ಕೊಟ್ಟು ಎದುರಿಗೆ ಕೂತರು.

“ರಾಜ್ಯದ ಸ್ಪರ್ಧಾಕ್ಕ ಒಂದ ದೋಣಿ ಕಳಸ್ತೀನಿ. ಹೇಮಾಂದು ಗಟ್ಟಿ. ಆಕಿ ಮುಂದಿನ ಸೀಟು ನಿಂದಾ, ಸುನಂದಾಂದಾ, ಭಾದ್ರಪದದಾಗ ನೀರ ಹೇಳತೈತಿ. ಮೊದಲು ಹೇಮಾ, ಸುನಂದಾ ಹೋಗ್ಲಿ. ಆಮ್ಯಾಲೆ ಹೇಮಾ, ನೀನು. ಯಾರು ಜಲ್ದಿ ಗುರಿ ಮುಟ್ಟತೀರೋ ಅವರು.”

“ಆಗಲಿ ಸರ್.”

“ನಿನ್ನ ತೋಳಿನಾಗ ಸುನಂದಾಗಿಂತ ಜಾಸ್ತಿ ಐತಿ. ಅದಕ್ಕ ನಂಗ ಹೊಟ್ಟಿ ಉರೀತೈತಿ. ಕೈ ಯಾಕ ಏಳತೈತಿ, ಹೇಳು?”

ಅವಳು ಟವೆಲ್ ಹಿಂಡಿದಳು. “ಮುಂದ ಏನೈತಿ ಅಂತ ಕಾಣಂಗಿಲ್ರಿ ಸರ್. ಕಾಣದಿದ್ರ ಕೈ ಕಲ್ಲು ಕೇಳಾಕ ಹೋಗತೈತಿ.”

“ಈ ಕೆರ್ಯಾಗ ಕಲ್ಲಿಲ್ಲ.”

“ನಂಗ ಗೊತ್ತೈತ್ರಿ. ಕೈಗೆ ಗೊತ್ತಿಲ್ಲ.”

ಆ ಸೀಟು ಅವಳಿಗೆ ಯಾಕೆ ಬೇಕಿತ್ತು ಎಂದು ಹೇಮಾ ಒಮ್ಮೆ ಕೇಳಿದ್ದಳು. ಬೆಳಗಿನ ಜಾವ ಸ್ಕೂಟಿಯಲ್ಲಿ ಕೆರೆಗೆ ಹೋಗುವಾಗ, ಸಂಗನಕಲ್ಲಿನ ಗುಡ್ಡ ಇನ್ನೂ ಕಪ್ಪಗಿದ್ದಾಗ. ಹಿಂದೆ ಕೂತಿದ್ದ ನಾಗಲಕ್ಷ್ಮಿ ಗಾಳಿಗೆ ಬಾಯಿ ಕೊಡದೆ ಕಿವಿಯ ಹತ್ತಿರ ಬಂದು ಹೇಳಿದಳು. “ಹುಟ್ಟಿದಾಗಿಂದ ಮಂದೀನ ದಾಟಿಸೇನಿ. ಘಟಕದಾಗೂ ಮಂದಿ ಹಾಕ್ಕೊಳ್ಳೋ ಪ್ಯಾಂಟು. ಒಂದ್ಸಲ, ಯಾರನ್ನೂ ದಾಟಿಸಲಾರದ, ನನಗಂತ ಹುಟ್ಟು ಹಾಕಬೇಕು. ಒಂದ್ಸಲ.”

ಶ್ರಾವಣದಲ್ಲಿ ಅವಳು ಒಂದು ದಿನದ ಮಟ್ಟಿಗೆ ಊರಿಗೆ ಹೋದಳು. ತಂದೆಯ ಭುಜ ಹಿಡಿದುಕೊಂಡಿತ್ತು, ನಾಟಿಯ ಹೆಂಗಸರು ದಡದಲ್ಲಿ ಕಾಯುತ್ತಿದ್ದರು. ಅಣೆಕಟ್ಟಿನಿಂದ ಹೆಚ್ಚಿನ ನೀರು ಇನ್ನೂ ಬಿಟ್ಟಿರಲಿಲ್ಲ, ಆದರೂ ಹೊಳೆ ಕೆಂಪಗೆ ತುಂಬುತ್ತಿತ್ತು. ಮೊಣಕೈಯಷ್ಟು ಕೆಳಗಿನದೂ ಕಾಣದಂಥ ರಾಡಿ.

ಎರ್ರೆಪ್ಪ ಪಡಸಾಲೆಯಲ್ಲಿ ಕೂತು ಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಮಗಳನ್ನು ಕೆಣಕಿದರು. “ಹಿಂದಕ್ಕ ಮುಖ ಮಾಡಿ ಕುಂತು ದೋಣಿ ನಡಸ್ತಾರಂತ. ಬೆನ್ನಾಗ ಕಣ್ಣು ಮೂಡ್ಯಾವೇನ ನಿಮ್ಗ?”

“ನಮ್ಮ ಹೇಮಾ ನೋಡ್ತಾಳಪ್ಪ.”

“ಆಕಿ ಯಾರ್ಲೇ, ಅಂಬಿಗರಾಕೇನು?”

“ಅಲ್ಲ. ಪುಸ್ತಕ ಕೊಡಾಕಿ.”

“ಮುಗೀತು ಬಿಡು,” ಎಂದರು ಎರ್ರೆಪ್ಪ. “ಕಲ್ಲು ಕೇಳಬ್ಯಾಡ ಅಂತ ನಿಮ್ಮ ಸರ್ ಹೇಳ್ತಾನಲ್ಲ, ಕಲ್ಲು ಕೇಳದ ಕೈ ಇದ್ದರೆಷ್ಟು, ಬಿಟ್ಟರೆಷ್ಟು?”

ಅವಳು ಹುಟ್ಟು ಎತ್ತಿಕೊಂಡು ಹೊಳೆಗೆ ನಡೆದಳು. ತಾಯಿ ಸತ್ಯಮ್ಮ ಜೊತೆಗೆ ಬಂದು ತೆಪ್ಪದ ಮುಂದಿನ ಅಂಚಿನಲ್ಲಿ ಕೂತರು. ರಾಡಿ ನೀರಿನಲ್ಲಿ ಹಾಗೆ ಒಬ್ಬರು ಕೂತು ನೀರಿನ ಮುಖ ನೋಡುತ್ತ ಹೇಳುತ್ತಿರಬೇಕು. ಸುಳಿ, ನೊರೆ, ಅಲೆ ಮುರಿಯುವ ರೀತಿ ನೋಡಿ, ಮುಂದೆ ಬಯಲಿದ್ದರೆ “ನೀರೈತಿ” ಎನ್ನಬೇಕು. ಆ ಮಾತು ಕೇಳುತ್ತಿರುವ ತನಕ ಹುಟ್ಟು ಹಾಕುವವರು ತಡವುವುದಿಲ್ಲ, ಮೇಲೆ ಮೇಲೆಯೇ ಬೀಸಾಗಿ ಎಳೆಯುತ್ತಾರೆ. ಚಿಕ್ಕವಳಿದ್ದಾಗ ತಂದೆಗೆ ಹೀಗೆ ಹೇಳುತ್ತಿದ್ದವಳು ನಾಗಲಕ್ಷ್ಮಿಯೇ.

“ನೀರೈತಿ... ನೀರೈತಿ... ಎಡಕ್ಕ ಸ್ವಲ್ಪ... ನೀರೈತಿ.”

ತೆಪ್ಪದಲ್ಲಿದ್ದ ಮೀನಾಕ್ಷಿ ಎಂಬ ಹೆಂಗಸಿಗೆ ಬಾಯಿ ಸುಮ್ಮನಿರದು. ಸತ್ಯಮ್ಮನ ದನಿಯನ್ನೇ ಅಣಕಿಸುತ್ತ, ಆಕಾಶ ನೋಡಿಕೊಂಡು, “ನೀರೈತೀ... ನೀರೈತೀ...” ಎಂದು ರಾಗ ಎಳೆದಳು. ಉಳಿದವರು ನಕ್ಕರು. ಸತ್ಯಮ್ಮ ಗರ್ರನೆ ತಿರುಗಿದರು.

“ಬಾಯಿ ಮುಚ್ಚ ಮೂಳಿ! ನೋಡಲಾರದ ಆ ಮಾತು ಅಂತೀಯೇನು? ಯಾರ ಮನಿ ಹಾಳ ಮಾಡಾಕ?”

“ಚಾಷ್ಟಿಗೆ ಅಂದೆ ಬಿಡಬೇ ಅತ್ತಿ...”

“ಚಾಷ್ಟಿ ದಂಡಿ ಮ್ಯಾಲೆ ಮಾಡು. ನೋಡಲಾರದ ಅಂದಾಕಿ ಕೈಯಾಗ ನಾನು ನೀರು ಸೈತ ಕುಡ್ಯಾಂಗಿಲ್ಲ.”

ಬೈಗುಳ ಮುಗಿಯುವಷ್ಟು ಹೊತ್ತು ಸತ್ಯಮ್ಮ ನೀರು ನೋಡಲಿಲ್ಲ, ಹೇಳಲೂ ಇಲ್ಲ. ದನಿ ನಿಂತಲ್ಲೇ ನಾಗಲಕ್ಷ್ಮಿಯ ಹುಟ್ಟು ಸರ್ರನೆ ಆಳಕ್ಕೆ ಇಳಿಯಿತು. ಇಳಿದದ್ದು ಒಂದು ಬಂಡೆಯ ಸೀಳಿಗೆ. ಹುಟ್ಟು ಸಿಕ್ಕಿಕೊಂಡಿತು, ತೆಪ್ಪ ಅದರ ಸುತ್ತ ಗಿರ್ರನೆ ತಿರುಗಿತು, ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಒಂದು ಕಡೆಯ ಅಂಚು ನೀರಿಗೆ ತಾಕಿ ಒಬ್ಬಳ ಮಡಿಲಿನ ಬುತ್ತಿ ತೇಲಿಹೋಯಿತು. “ಯವ್ವಾ, ಕುಂತ್ಕೋರಿ! ಯಾರೂ ಏಳಬ್ಯಾಡ್ರಿ!” ಎಂದು ಕಿರುಚುತ್ತ ಅವಳು ಹುಟ್ಟನ್ನು ಬಲವಂತವಾಗಿ ಕಿತ್ತಳು. ತೆಪ್ಪ ನೆಟ್ಟಗಾಯಿತು. ಸತ್ಯಮ್ಮ ನೀರಿನ ಕಡೆ ತಿರುಗಿ ಮತ್ತೆ ಶುರುಮಾಡಿದರು. “ನೀರೈತಿ.” ಆ ಮಾತಿನ ಜೊತೆಗೇ ತನ್ನ ಕೈ ಹಗುರಾಗಿ, ಅಲಗು ಮೇಲೆ ಬಂದು ನಿಂತದ್ದನ್ನು ನಾಗಲಕ್ಷ್ಮಿ ಕಂಡಳು. ತಾನು ಮಾಡಿದ್ದಲ್ಲ. ಕೈ ತಾನೇ ಮಾಡಿದ್ದು.

ಮರುದಿನ ಕೆರೆಯ ದಡದಲ್ಲಿ ಅವಳು ಇದನ್ನು ಗುರುಸ್ವಾಮಿಯವರಿಗೆ ಹೇಳಿದಳು. ಹಿಂದಿನಿಂದ ಹೇಮಾ ‘ನೀರೈತಿ’ ಎನ್ನುತ್ತಿದ್ದರೆ ಕೈ ಏಳಲಿಕ್ಕಿಲ್ಲ ಎಂದಳು. ಹೇಳಿಸಿ ನೋಡಿದರು. ಪೂರ್ತಿ ವೇಗದಲ್ಲಿ, ಕೊನೆಯ ತನಕ, ಟೇಪು ಒದ್ದೆಯಾಗಲಿಲ್ಲ. ಮೊಪೆಡ್ಡಿನ ಮೇಲೆ ಕೂತ ಗುರುಸ್ವಾಮಿ ಮೊದಲ ಸಲ ಕೂಗದೆ ಬಂದರು.

ಸುನಂದಾ ಒಪ್ಪಲಿಲ್ಲ. ಅವಳದೂ ತಪ್ಪಲ್ಲ. “ಸರ್, ನನಗ ಯಾರೂ ಕೂಗಂಗಿಲ್ಲ, ಆಕಿಗೆ ಕೂಗ್ತಾರ. ಇದ್ಯಾವ ನ್ಯಾಯ? ಕೂಗಿದ್ರ ಇಬ್ಬರಿಗೂ ಕೂಗ್ಲಿ. ಇಲ್ಲಾಂದ್ರ ಬ್ಯಾಡ.”

“ಇಬ್ಬರಿಗೂ ಕೂಗ್ತಾಳ,” ಎಂದರು ಗುರುಸ್ವಾಮಿ. ಆಮೇಲೆ ಹೇಮಾಳ ಕಡೆ ತಿರುಗಿ, “ಎಳಿಯೋದೂ ಇಬ್ಬರಿಗೂ ಒಂದ ಸಮ. ಗೆಳತಿ ಅಂತ ಒಂದು ತೂಕ ಹೆಚ್ಚು ಕಡಿಮಿ ಆತಂದ್ರ ನಂಗ ಗೊತ್ತಾಗತೈತಿ ತಾಯಿ,” ಎಂದರು. ಹೇಮಾ ಗೋಣು ಹಾಕಿದಳು. ಎರಡು ಓಟಕ್ಕೂ ಕೂಗುತ್ತ ಎಳೆಯಬೇಕಾದವಳು ಅವಳೊಬ್ಬಳೇ ಎಂಬುದನ್ನು ಆಗ ಯಾರೂ ಯೋಚಿಸಲಿಲ್ಲ.

ಆ ದಿನ ಬಂತು. ಕೆರೆ ತುಂಬಿತ್ತು. ಆಚೆಯ ಜಾಲಿಮರದಿಂದ ಈಚೆಯ ತೂಬಿನ ತನಕ ಓಟ. ಗಾಳಿ ಅಡ್ಡಕ್ಕೆ ಬೀಸುತ್ತಿತ್ತು. ಮೊದಲು ಹೇಮಾ, ಸುನಂದಾ ಹೋದರು. ನಾಗಲಕ್ಷ್ಮಿ ತೂಬಿನ ಕಲ್ಲಿನ ಮೇಲೆ ನಿಂತು ನೋಡಿದಳು. ಸುನಂದಾಳ ಉದ್ದನೆಯ ಬೆನ್ನು ಮಡಚಿ ಬಿಚ್ಚುವುದು, ಅವಳ ಅಲಗುಗಳು ನೀರನ್ನು ಕತ್ತರಿಸಿ ಬರುವುದು, ಒಂದು ಹನಿಯೂ ಹೆಚ್ಚಿಗೆ ಎಗರದಿರುವುದು. ತೂಬು ದಾಟಿದಾಗ ಗುರುಸ್ವಾಮಿ ಸ್ಟಾಪ್‌ವಾಚ್ ಒತ್ತಿ, ನೋಡಿ, ಮುಷ್ಟಿಯಲ್ಲಿ ಮುಚ್ಚಿದರು. ಅವರ ಹುಬ್ಬು ಸ್ವಲ್ಪ ಮೇಲೆ ಹೋದದ್ದನ್ನು ನಾಗಲಕ್ಷ್ಮಿ ಕಂಡಳು. ಚೆನ್ನಾಗಿ ಬಂದಿದ್ದಾರೆ. ತುಂಬ ಚೆನ್ನಾಗಿ ಬಂದಿದ್ದಾರೆ.

ಸುನಂದಾ ದಡಕ್ಕೆ ಬಂದು ಏದುಸಿರಿನಲ್ಲೇ ಹೇಳಿದಳು. “ಹೋಗವಾ. ಗಾಳಿ ಬಲಗಡಿಯಿಂದ ಐತಿ, ನೋಡ್ಕೋ.”

ಹೇಮಾಳಿಗೆ ವಿಶ್ರಾಂತಿ ಕೊಟ್ಟರು. ಆದರೂ ಅವಳ ಮುಖದ ಬಿಳುಪು ಹೋಗಿರಲಿಲ್ಲ. ದೋಣಿಯಲ್ಲಿ ಜಾಲಿಮರದ ಕಡೆ ಹೋಗುವಾಗ ನಾಗಲಕ್ಷ್ಮಿ ಮೆಲ್ಲಗೆ ಕೇಳಿದಳು. “ಲೇ, ಕೂಗಾಕ ಆಗತೈತಿಲ್ಲೋ?”

“ಆಗತೈತಿ. ನೀ ಎಳಿ.”

ಗುರುಸ್ವಾಮಿ ಕೈ ಬೀಸಿದರು.

ಮೊದಲ ಎಳೆತಕ್ಕೆ ದೋಣಿ ನೆಗೆಯಿತು. ಬೆನ್ನ ಹಿಂದೆ ಹೇಮಾಳ ದನಿ ಬಂತು: “ನೀರೈತಿ.” ನಾಗಲಕ್ಷ್ಮಿ ಕಾಲಿನಿಂದ ಒದ್ದಳು, ಬೆನ್ನು ತೆರೆದಳು, ಕೈ ಎದೆಗೆ ತಂದಳು. ಅಲಗು ನೀರನ್ನು ಹಿಡಿದು ಬಿಟ್ಟಿತು. “ನೀರೈತಿ.” ಜಾಲಿಮರ ಚಿಕ್ಕದಾಗುತ್ತ ಹೋಯಿತು. ಗಾಳಿ ಬಲ ಅಲಗನ್ನು ತಳ್ಳುತ್ತಿತ್ತು, ಅವಳು ಅದಕ್ಕೆ ತಕ್ಕಷ್ಟು ಮಣಿಸಿದಳು. ಎರಡು ಬೆನ್ನು, ನಾಲ್ಕು ಅಲಗು, ಒಂದೇ ಸದ್ದು. ಸುನಂದಾಳಿಗಿಂತ ಮುಂದಿದ್ದೇವೆಯೇ? ತಿಳಿಯುವ ದಾರಿಯಿಲ್ಲ. ಆ ಓಟ ನೀರಿನ ಮೇಲೆ ಗುರುತು ಬಿಟ್ಟಿರಲಿಲ್ಲ.

ಅರ್ಧ ದಾಟಿದ ಮೇಲೆ ಹೇಮಾಳ ಮಾತು ತುಂಡಾಯಿತು. “ನೀರೈ...” ಎಂದು ನಿಲ್ಲುತ್ತಿತ್ತು. ಆಮೇಲೆ “ನೀ...” ಅಷ್ಟೇ. ಉಸಿರಿನ ಶಿಳ್ಳೆ ಕೇಳುತ್ತಿತ್ತು. ಇನ್ನೊಂದು ಎಳೆತ. ದನಿ ಬರಲಿಲ್ಲ. ಮತ್ತೊಂದು. ಬರಲಿಲ್ಲ.

ಹೇಮಾ ಎಳೆಯುತ್ತಿದ್ದಳು, ದೋಣಿ ಓಡುತ್ತಿದ್ದ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು. ಆದರೆ ಕೂಗುವಷ್ಟು ಉಸಿರು ಅವಳಲ್ಲಿ ಉಳಿದಿರಲಿಲ್ಲ. ನಾಗಲಕ್ಷ್ಮಿಯ ಕಣ್ಣೆದುರು ಬರೀ ಬಿಟ್ಟುಬಂದ ನೀರು. ಬೆನ್ನ ಹಿಂದೆ ಏನಿದೆಯೋ. ಎಡಗೈ ಕೂದಲೆಳೆಯಷ್ಟು ಮೇಲೆದ್ದಿತು. ಟೇಪಿನ ಅಂಚು ಒದ್ದೆಯಾಯಿತು. ದೋಣಿ ಎಡಕ್ಕೆ ಒಂದಿಷ್ಟು ಮಣಿಯಿತು. ಏರಿಯ ಮೇಲಿನಿಂದ, ದೂರದಿಂದ, “ಕೈ!” ಎಂಬ ಕೂಗು ಕೇಳಿಸಿತು. ಕೇಳಿಸಿದರೇನು, ಕೈ ಆ ದನಿಯ ಮಾತು ಯಾವತ್ತೂ ಕೇಳಿದ್ದಲ್ಲ. ಮುಂದಿನ ಎಳೆತದಲ್ಲಿ ಟೇಪು ಅರ್ಧ ಮುಳುಗಿತು. ಇನ್ನೊಂದಕ್ಕೆ ಹುಟ್ಟು ಸಿಕ್ಕಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಾಯಿತು.

ಆಗ ಅವಳೇ ಅಂದಳು. “ನೀರೈತಿ.”

ನೋಡದೆ ಅಂದಳು. ಹೊಳೆಯಲ್ಲಿ ಅಷ್ಟು ವರ್ಷ, ಚಿಕ್ಕವಳಿದ್ದಾಗಲೂ, ತಮಾಷೆಗೂ ಒಮ್ಮೆಯೂ ಹಾಗೆ ನೋಡದೆ ಆಡದ ಮಾತನ್ನು, ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತು, ಏನೂ ಕಾಣದೆ ಅಂದಳು. ನಾಲಿಗೆ ಒಣಗಿತ್ತು. ಬಾಯಲ್ಲಿ ರಕ್ತದ ರುಚಿ ಬಂದಿತ್ತು. “ನೀರೈತಿ.” ಕೈ ಒಂದು ಕ್ಷಣ ಅನುಮಾನಿಸಿದ ಹಾಗೆ ತಡೆಯಿತು, ಆಮೇಲೆ ಇಳಿಯಿತು. ಅಲಗು ಮೇಲೆ ಬಂತು. “ನೀರೈತಿ.” ದೋಣಿ ನೆಟ್ಟಗಾಯಿತು. ತನಗೆ ಕೇಳಿದರೆ ಸಾಕು ಎಂಬಷ್ಟು ಮೆಲ್ಲಗೆ, ಪ್ರತಿ ಎಳೆತಕ್ಕೂ ಅದನ್ನೇ ಅನ್ನುತ್ತ, ಕೊನೆಗೆ ಅನ್ನಲೂ ಆಗದೆ ತುಟಿ ಮಾತ್ರ ಆಡಿಸುತ್ತ ಅವಳು ಎಳೆದಳು. ತೂಬಿನ ಕಲ್ಲು ಪಕ್ಕದಲ್ಲಿ ಹಾದುಹೋದದ್ದು ಅವಳಿಗೆ ತಿಳಿಯಲಿಲ್ಲ. ಹೇಮಾ ಹುಟ್ಟು ಬಿಟ್ಟು ಅವಳ ಬೆನ್ನ ಮೇಲೆ ಕವಿದು ಬಿದ್ದಾಗಲೇ ತಿಳಿದದ್ದು.

ದೋಣಿಯನ್ನು ಸುನಂದಾ ಸೊಂಟದ ತನಕ ನೀರಿಗಿಳಿದು ಹಿಡಿದು ತಂದಳು. ನಾಗಲಕ್ಷ್ಮಿ ದಡದಲ್ಲಿ ಮಂಡಿಯೂರಿ ವಾಂತಿ ಮಾಡಿಕೊಂಡಳು. ಗುರುಸ್ವಾಮಿ ಇಳಿದು ಬಂದು, ಸ್ಟಾಪ್‌ವಾಚನ್ನು ಮೊದಲು ಸುನಂದಾಳ ಕೈಗೆ ಕೊಟ್ಟರು.

“ನೀನ ನೋಡವಾ ಟೀಚರ್. ನಿಂದು ಮ್ಯಾಲಿಂದು, ಆಕಿದು ಕೆಳಗಿಂದು.”

ಸುನಂದಾ ನೋಡಿದಳು. ಬಿಸಿಲಿಗೆ ಕೈ ಅಡ್ಡ ಹಿಡಿದು ಇನ್ನೊಮ್ಮೆ ನೋಡಿದಳು. ಅವಳು ಬಾಯಿ ಬಿಡುವ ತನಕ ನಾಗಲಕ್ಷ್ಮಿ ಮುಖ ಎತ್ತಲಿಲ್ಲ.

“ಕಣ್ಣು ಪಿಳುಕಿಸೋ ಅಷ್ಟ ಸರ್,” ಎಂದಳು ಸುನಂದಾ. “ಆದ್ರ ಆಕೀದ.” ಸ್ವಲ್ಪ ಹೊತ್ತು ಕೆರೆಯ ಕಡೆ ತಿರುಗಿ ನಿಂತಳು. ಮತ್ತೆ ತಿರುಗಿದಾಗ ಮುಖ ಸರಿಮಾಡಿಕೊಂಡಿದ್ದಳು. “ಏಳ್ಲೇ, ಬಾಯಿ ತೊಳಕೋ. ಸೀಟು ಸಿಕ್ಕಾಕಿ ಹಿಂಗ ಕುಂತರ ನನಗ ಮರ್ಯಾದಿ ಇರಂಗಿಲ್ಲ.”

ಮರಳಿ ಬಳ್ಳಾರಿಗೆ ಹೋಗುವಾಗ ಸ್ಕೂಟಿಯ ಹಿಂದೆ ಕೂತ ನಾಗಲಕ್ಷ್ಮಿ ಹೇಮಾಳ ಕಿವಿಯ ಹತ್ತಿರ ಬಾಗಿದಳು. “ನೋಡಲಾರದ ಅಂದ್ನೆಲೇ. ಯವ್ವಗ ಗೊತ್ತಾದ್ರ ನನ್ನ ಕೈಯಾಗ ನೀರು ಕುಡ್ಯಾಂಗಿಲ್ಲ.”

“ನಾ ನೋಡಾಕತ್ತಿದ್ನೆಲ್ಲ,” ಎಂದಳು ಹೇಮಾ. “ದನಿ ಬರ್ತಿದ್ದಿಲ್ಲ ಅಷ್ಟ.”

ಆ ಸೀಟಿನಲ್ಲಿ ಅವಳು ಎರಡು ಋತು ಕೂತಳು. ರಾಜ್ಯದ ಸ್ಪರ್ಧೆಯಲ್ಲಿ ಮೊದಲ ವರ್ಷ ನಾಲ್ಕನೆಯವರಾಗಿ ಬಂದರು, ಎರಡನೆಯ ವರ್ಷ ಮೂರನೆಯವರು. ಈಗ ಅಲ್ಲಿ ಸುನಂದಾ ಕೂರುತ್ತಾಳೆ. ದೋಣಿಯೊಳಗೆ ಪಾದ ಊರುವ ಹಲಗೆಯನ್ನು ಕೂರುವವರ ಕಾಲಿನ ಉದ್ದಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿಸಿ ಬಿಗಿಯಬೇಕು. ಸುನಂದಾ ಬಹಳ ದಿನ ಅದನ್ನು ಮುಟ್ಟಗೊಡಲಿಲ್ಲ. ನಾಗಲಕ್ಷ್ಮಿಯ ಅಳತೆಯಲ್ಲೇ ಇರಲಿ ಎಂದು, ಮೊಣಕಾಲು ಎದೆಗೆ ತಾಕುತ್ತಿದ್ದರೂ ಮಡಚಿಕೊಂಡೇ ಎಳೆಯುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗುರುಸ್ವಾಮಿಯವರೇ ಸ್ಪ್ಯಾನರ್ ತಂದು, ದೋಣಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ತಿರುಪು ಬಿಚ್ಚಿ ಹಲಗೆಯನ್ನು ಹಿಂದಕ್ಕೆ ಸರಿಸಿದರು. ಸುನಂದಾ ಬೇಡ ಎನ್ನಲಿಲ್ಲ. ಹೇಮಾ ದೋಣಿಯ ಇನ್ನೊಂದು ತುದಿ ಹಿಡಿದುಕೊಂಡು ನಿಂತಿದ್ದಳು.